ಪೆಂಟಗನ್‌ಗಿಂತ ದೊಡ್ಡದು, ಸ್ವಾಮಿ!

ಸೂರತ್‌ನ ಡೈಮಂಡ್ ಬೋರ್ಸ್, ಅಂದರೆ ವಜ್ರ ವ್ಯಾಪಾರದ ಕಟ್ಟಡದ ಫೋಟೊ ಮತ್ತೆ ನಮ್ಮೂರಿನ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. 'ಪೆಂಟಗನ್‌ಗಿಂತ ದೊಡ್ಡದು, ಹೆಮ್ಮೆ ಇದ್ದರೆ ಶೇರ್ ಮಾಡಿ.' ಪೆಂಟಗನ್ ಅಂದರೆ ಅಮೆರಿಕ ಸೇನೆಯ ಕೇಂದ್ರ ಕಚೇರಿ. ದಾವಣಗೆರೆಯವರಿಗೆ ಹೆಮ್ಮೆ ಸ್ವಲ್ಪ ಜಾಸ್ತಿ. ಶೇರ್ ಮಾಡಿದ್ದೇವೆ. 67 ಲಕ್ಷ ಚದರ ಅಡಿ, ನಾಲ್ಕೂವರೆ ಸಾವಿರ ಆಫೀಸು, 131 ಲಿಫ್ಟು. 2023ರ ಡಿಸೆಂಬರ್‌ನಲ್ಲಿ ಪ್ರಧಾನಿಯವರೇ ಬಂದು ಉದ್ಘಾಟಿಸಿದರು. ಆಮೇಲೆ ಮುಂಬೈ ವ್ಯಾಪಾರಿಗಳು ಗಂಟುಮೂಟೆ ಕಟ್ಟಿಕೊಂಡು ಬರಲು ಮೀನಮೇಷ ಎಣಿಸಿದರು. ಎಷ್ಟೋ ಆಫೀಸುಗಳು ಖಾಲಿ ಕೂತವು. ಇರಲಿ ಬಿಡಿ. ಪೆಂಟಗನ್‌ನಲ್ಲಿ ಜನ ತುಂಬಿದ್ದಾರೆ, ಅದಕ್ಕೇ ಇಕ್ಕಟ್ಟು. ನಮ್ಮದರಲ್ಲಿ ಚೆನ್ನಾಗಿ ಗಾಳಿಯಾಡುತ್ತದೆ.

ದಾವಣಗೆರೆಗೂ ಇಂಥದ್ದೊಂದು ಬೇಕು ಅಂತ ಬೆಣ್ಣೆದೋಸೆ ಹೋಟೆಲಿನಲ್ಲಿ ವಾದ ಶುರುವಾಗಿದೆ. ಬರಲಿ. ಒಂದು ಕಾಲಕ್ಕೆ ನಾವು ಕರ್ನಾಟಕದ ಮ್ಯಾಂಚೆಸ್ಟರ್. ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಬಿರುದು ಮಾತ್ರ ಗಟ್ಟಿಯಾಗಿ ಉಳಿಯಿತು. ಭಾಷಣಗಳಲ್ಲಿ ಇವತ್ತಿಗೂ ಬಳಸುತ್ತಾರೆ. ಕರ್ನಾಟಕದ ಸೂರತ್ ಅಂತ ಇನ್ನೊಂದು ಬಿರುದು ಸೇರಿದರೆ ಯಾರ ಗಂಟು ಹೋಗುತ್ತದೆ?

ನಮಗೆ ಕಟಿಂಗ್, ಪಾಲಿಶಿಂಗ್ ಬರುವುದಿಲ್ಲ ಅನ್ನಬೇಡಿ. ವಜ್ರ ಕಟ್ ಮಾಡುವುದೆಂದರೆ ತೂಕ ಕಳೆಯುವುದು. ಕೊಹಿನೂರನ್ನೇ ನೋಡಿ. ಲಂಡನ್ ಸೇರಿದಾಗ 186 ಕ್ಯಾರಟ್ ಇತ್ತು. ಹೊಳಪು ಸಾಲದು ಅಂತ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ 1852ರಲ್ಲಿ ಹಾಲೆಂಡಿನಿಂದ ಕಸುಬುದಾರರನ್ನು ಕರೆಸಿದ. ಹಬೆ ಯಂತ್ರ ಇಟ್ಟು 38 ದಿನ ಉಜ್ಜಿಸಿದ. ಉಳಿದದ್ದು 105 ಚಿಲ್ಲರೆ ಕ್ಯಾರಟ್. ಅಷ್ಟಾಗಿ ಮಾಡಿಸಿದವನಿಗೇ ಸಮಾಧಾನವಿರಲಿಲ್ಲವಂತೆ.

ಅದಕ್ಕಿಂತ ನಾಜೂಕು ಕೈಗಳು ನಮ್ಮಲ್ಲಿವೆ. ಪಕ್ಕದ ಚಿತ್ರದುರ್ಗದವರನ್ನು ಕೇಳಿ. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ ಓದಿದರು. ಎರಡು ವರ್ಷ ಕಳೆದರೂ ದುಡ್ಡು ಬರಲಿಲ್ಲ. ಪಾಲಿಶ್‌ಗೆ ಕೊಟ್ಟಿರಬೇಕು. ಎಂಥಾ ಪಾಲಿಶ್ ಅಂದರೆ ಕಲ್ಲು ಕಣ್ಣಿಗೇ ಕಾಣುತ್ತಿಲ್ಲ! ದೆಹಲಿಯವರು ಬೆಂಗಳೂರಿನ ಕಡೆ ಬೆರಳು ತೋರಿಸುವುದು ಒಂದು ಮುಖ, ಬೆಂಗಳೂರಿನವರು ದೆಹಲಿ ಕಡೆ ತೋರಿಸುವುದು ಇನ್ನೊಂದು ಮುಖ. ಒಳ್ಳೆ ವಜ್ರಕ್ಕೆ 57 ಮುಖ ಇರಬೇಕು. ಇನ್ನೂ ಬೇಕಾದಷ್ಟು ಅವಕಾಶವಿದೆ.

ಆ 57 ಮುಖ ಉಜ್ಜುವವನು ಮಾತ್ರ ವಾಟ್ಸ್ಆ್ಯಪ್ ಫೋಟೊದಲ್ಲಿಲ್ಲ. ಸೂರತ್ತಿನಲ್ಲಿ ಗರಗರ ತಿರುಗುವ ಘಂಟಿಯ, ಅಂದರೆ ವಜ್ರ ಉಜ್ಜುವ ಚಕ್ರದ ಸುತ್ತ ಕೂರುತ್ತಾನೆ. ಉಜ್ಜುತ್ತಾನೆ, ಎತ್ತಿ ಭೂತಗನ್ನಡಿಯಲ್ಲಿ ನೋಡುತ್ತಾನೆ, ಮತ್ತೆ ಉಜ್ಜುತ್ತಾನೆ. ಕೂಲಿ ಕಲ್ಲಿಗಿಷ್ಟು ಅಂತ. ಬಹಳ ಮಂದಿ ಸೌರಾಷ್ಟ್ರದ ಕಡೆಯವರು, ಮಳೆ ಕೈಕೊಟ್ಟ ಊರು ಬಿಟ್ಟು ಬಂದ ಮನೆತನಗಳವರು. ಜಗತ್ತಿನ ಹತ್ತು ವಜ್ರದಲ್ಲಿ ಒಂಬತ್ತು ಇವರ ಕೈ ದಾಟಿಯೇ ಹೋಗುತ್ತವೆ. ರಷ್ಯಾದ ಕಲ್ಲಿಗೆ ನಿಷೇಧ, ಚೀನಾದಲ್ಲಿ ಗಿರಾಕಿ ಕಡಿಮೆ, ಲ್ಯಾಬ್‌ನಲ್ಲಿ ಬೆಳೆಸಿದ ವಜ್ರದ ಪೈಪೋಟಿ, ಮೇಲೆ 2025ರಲ್ಲಿ ಅಮೆರಿಕದ 50% ಸುಂಕ. ಯಾರು ಯಾರಿಗೆ ಹೊಡೆದರೂ ಏಟು ಬಿದ್ದದ್ದು ಘಂಟಿ ಮುಂದೆ ಕೂತವನಿಗೆ.

2024ರ ಆಗಸ್ಟ್‌ನಲ್ಲಿ ಸೂರತ್ತಿನ ಒಂದು ದೊಡ್ಡ ವಜ್ರ ಕಂಪನಿ 50,000 ಕೆಲಸಗಾರರಿಗೆ 10 ದಿನ ರಜೆ ಕೊಟ್ಟಿತು. ಎಂಥಾ ಉದಾರ ಮನಸ್ಸು! ಅದಕ್ಕೂ ಒಂದು ತಿಂಗಳ ಮುಂಚೆ ಕಾರ್ಮಿಕ ಸಂಘದವರು ಸಹಾಯವಾಣಿ ತೆರೆದಿದ್ದರು. ಯಾಕೆ ಗೊತ್ತಾ? ಕೆಲಸಗಾರರು ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದರು, ಅದಕ್ಕೆ. ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಲಿಫ್ಟ್ ಎಷ್ಟು ಅಂತ ಎಣಿಸಿ ಹೇಳುತ್ತೇವೆ, ಸತ್ತವರನ್ನು ಎಣಿಸಲು ಪುರಸೊತ್ತಿಲ್ಲ. ಮಿಲ್ಲು ಮುಚ್ಚಿದಾಗ ಮನೆಮನೆಯಲ್ಲಿ ಏನಾಯಿತು ಅಂತ ನಮ್ಮೂರಿಗೆ ಗೊತ್ತಿಲ್ಲವಾ? ಗೊತ್ತಿದ್ದೂ ಶೇರ್ ಮಾಡುತ್ತೇವೆ. ಥೂ.

ಸರ್ಕಾರ ಸುಮ್ನೆ ಕೂತಿಲ್ಲ, ಅದನ್ನೂ ಹೇಳಬೇಕು. 2025ರ ಮೇ ತಿಂಗಳಲ್ಲಿ ಗುಜರಾತ್ ಸರ್ಕಾರ ನೆರವು ಘೋಷಿಸಿತು. ಕೆಲಸ ಕಳೆದುಕೊಂಡವರ ಮಕ್ಕಳ ಸ್ಕೂಲ್ ಫೀಸಿಗೆ 13,500 ರೂಪಾಯಿವರೆಗೆ, ಒಂದು ವರ್ಷದ ಮಟ್ಟಿಗೆ. ಮುಂದಿನ ವರ್ಷದ ಫೀಸು? ಅಷ್ಟರಲ್ಲಿ ಹುಡುಗನೂ ಘಂಟಿ ಮುಂದೆ ಕೂರುವಷ್ಟು ದೊಡ್ಡವನಾಗಿರುತ್ತಾನೆ ಬಿಡಿ.