ಮನದ ಗಾಯದ ಪುಸ್ತಕಗಳು, ಭೀಮೆಯ ದಂಡೆಯ ಓದುಗರು

ಮನಸ್ಸಿನ ಗಾಯ ಮತ್ತು ಅದರಿಂದ ಚೇತರಿಸಿಕೊಳ್ಳುವ ದಾರಿ ಕುರಿತ ಪುಸ್ತಕಗಳನ್ನು ನಮ್ಮ ಕಲಬುರಗಿಯ ಹುಡುಗಿಯರು ಬಹಳ ಓದುತ್ತಿದ್ದಾರೆ. ಪದವಿ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಇದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಕೆಲವರ ಚೀಲದಲ್ಲಿ ಪುಸ್ತಕ, ಹೆಚ್ಚಿನವರ ಮೊಬೈಲಿನಲ್ಲಿ ಪಿಡಿಎಫ್. ‘ಈಗ ಎಲ್ಲದಕ್ಕೂ ಟ್ರಾಮಾ ಅನ್ನುತ್ತಾರೆ, ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎಂದು ಮೂಗು ಮುರಿಯುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಆಗಲೂ ಇತ್ತು. 1948ರಲ್ಲಿ ರಜಾಕಾರರ ಹಾವಳಿಯಲ್ಲಿ ಬೆಂದ ಮನೆಗಳು, ಅದರ ಬೆನ್ನಿಗೇ ಪೊಲೀಸ್ ಕಾರ್ಯಾಚರಣೆಯ ದಿನಗಳ ಹಿಂಸೆಯಲ್ಲಿ ತಮ್ಮವರನ್ನು ಕಳೆದುಕೊಂಡ ಮುಸ್ಲಿಂ ಮನೆಗಳು, ಎರಡೂ ಬೀದರ್‌, ಕಲಬುರಗಿಯಲ್ಲಿ ಇವೆ. ಆ ವರ್ಷದ ಮಾತು ಬಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ ಅಜ್ಜಂದಿರನ್ನು ನಾವೆಲ್ಲ ಕಂಡಿದ್ದೇವೆ.

ಹಾಗಾಗಿ ಓದಲಿ, ಇನ್ನಷ್ಟು ಓದಲಿ. ನನ್ನ ತಕರಾರು ಬೇರೆಯದು. ಈ ಪುಸ್ತಕಗಳಲ್ಲಿ ಹೆಚ್ಚಿನವು ಅಪಾಯ ಮುಗಿದುಹೋಗಿದೆ ಎಂದು ಮೊದಲೇ ನಂಬಿಕೊಂಡು ಬರೆದಂಥವು. ನಮ್ಮ ಅನೇಕ ಓದುಗರಿಗೆ ಅಪಾಯ ಮುಗಿದೇ ಇಲ್ಲ.

ಈ ಬಗೆಯ ಬರವಣಿಗೆಗೆ ಜಗತ್ತಿನಾದ್ಯಂತ ಓದುಗರನ್ನು ತಂದುಕೊಟ್ಟವರಲ್ಲಿ ಪ್ರಮುಖರು ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕ್. ಅವರ ‘ದ ಬಾಡಿ ಕೀಪ್ಸ್ ದ ಸ್ಕೋರ್’ ಪುಸ್ತಕ ಬಂದದ್ದು 2014ರಲ್ಲಿ. ಘಟನೆ ಕಳೆದುಹೋದರೂ ದೇಹ ಅದನ್ನು ಬಿಟ್ಟುಕೊಡುವುದಿಲ್ಲ, ಒಂದು ವಾಸನೆ, ಒಂದು ಸದ್ದು ಸಾಕು, ಎದೆ ಬಡಿತ ಏರುತ್ತದೆ, ಮೆದುಳು ಹಳೆಯ ಅಪಾಯವನ್ನೇ ಈಗಿನದೆಂದು ತಿಳಿದು ಕೂಗಿಕೊಳ್ಳುತ್ತದೆ ಎಂಬುದು ಅದರ ತಿರುಳು. ಇದನ್ನು ಓದುವಾಗ ನನಗೆ ನನ್ನ ಅವ್ವ ಅರ್ಥವಾದಳು. ನಮ್ಮ ತವರು ಅಫಜಲಪುರ ತಾಲ್ಲೂಕಿನ ಭೀಮೆಯ ದಂಡೆಯ ಊರು. 2020ರ ಅಕ್ಟೋಬರ್‌ನಲ್ಲಿ ಮಳೆಯೂ ಜೋರಾಗಿ, ಮಹಾರಾಷ್ಟ್ರದ ಉಜನಿ ಜಲಾಶಯದಿಂದಲೂ ನೀರು ಬಿಟ್ಟಾಗ ಹೊಳೆ ಮನೆಯೊಳಗೆ ಬಂತು. ತೊಗರಿ ಹೋಯಿತು, ಜೋಳದ ಚೀಲಗಳು ಕೊಳೆತವು, ಎಮ್ಮೆ ಸಿಗಲಿಲ್ಲ. ಕಾಳಜಿ ಕೇಂದ್ರದಿಂದ ಮರಳಿದ ಮೇಲೆ ಅವ್ವ ರಾತ್ರಿ ಮಳೆ ಹನಿಯುವ ಸದ್ದಿಗೆ ಎದ್ದು ಕೂರತೊಡಗಿದಳು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಿದ್ದಳು. ‘ವಯಸ್ಸಾಯಿತು, ತಲೆ ಕೆಟ್ಟಿದೆ’ ಎಂದು ಮನೆಯವರು ಅಂದುಕೊಂಡಿದ್ದರು. ಅದು ಹಾಗಲ್ಲ ಎಂದು ತಿಳಿಸಿಕೊಟ್ಟದ್ದು ಪುಸ್ತಕ. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಆದರೆ ಪುಸ್ತಕದ ಮುಂದಿನ ಹೆಜ್ಜೆ ಅವ್ವನಿಗೆ ಹೊಂದಲಿಲ್ಲ. ನೆಲದ ಮೇಲೆ ಪಾದ ಊರಿ ಕುಳಿತುಕೊಳ್ಳಿ, ನಿಧಾನವಾಗಿ ಉಸಿರು ಬಿಡಿ, ‘ಅದು ಆಗ, ಇದು ಈಗ’ ಎಂದು ನಿಮಗೆ ನೀವೇ ಹೇಳಿಕೊಳ್ಳಿ ಎಂಬಂಥ ಸಲಹೆಗಳು ಇಂಥ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅವ್ವ ಕೇಳಿಸಿಕೊಂಡು, ‘ಹೊಳೆ ಎಲ್ಲಿಗೆ ಹೋಗಿದೆಯವ್ವ, ಅಲ್ಲೇ ಇದೆಯಲ್ಲ’ ಎಂದಳು. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಮತ್ತೆ ಉಕ್ಕಿತು. ಆ ಪ್ಲಾಸ್ಟಿಕ್ ಚೀಲ ಆಗ ಕೆಲಸಕ್ಕೆ ಬಂತು. ಅವಳ ಭಯದಲ್ಲಿ ನೆನಪಿನ ಗಾಯ ಎಷ್ಟು, ಹೊಳೆಯನ್ನು ಬಲ್ಲವಳ ತಿಳಿವಳಿಕೆ ಎಷ್ಟು ಎಂದು ಯಾವ ಲೇಖಕರೂ ದೂರದಿಂದ ಅಳೆಯಲಾರರು. ಅವ್ವನಿಗೆ ಬೇಕಿರುವುದು ಉಸಿರಾಟದ ಅಭ್ಯಾಸಕ್ಕಿಂತ ಮೊದಲು ಎತ್ತರದ ಜಾಗದಲ್ಲೊಂದು ಮನೆ, ಅದರ ಹಕ್ಕುಪತ್ರ.

ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಈ ಕ್ಷೇತ್ರದ ದೊಡ್ಡ ಹೆಸರುಗಳಲ್ಲೊಂದಾದ ಜುಡಿತ್ ಹರ್ಮನ್ 1992ರಲ್ಲೇ ಬರೆದರು: ಚೇತರಿಕೆಯ ಮೊದಲ ಹಂತ ಸುರಕ್ಷತೆ, ನೆನೆದು ದುಃಖಿಸುವುದು ಎರಡನೆಯದು, ಜನರೊಂದಿಗೆ ಮತ್ತೆ ಬೆಸೆದುಕೊಳ್ಳುವುದು ಮೂರನೆಯದು. ಒಂಟಿಯಾಗಿ ಯಾರೂ ಗುಣವಾಗುವುದಿಲ್ಲ, ಸಂಬಂಧಗಳ ನಡುವೆಯೇ ಆಗಬೇಕು ಎಂದೂ ಅವರು ಸ್ಪಷ್ಟವಾಗಿ ಹೇಳಿದ್ದಾರೆ. 2023ರ ಪುಸ್ತಕದಲ್ಲಂತೂ ನೊಂದವರಿಗೆ ನ್ಯಾಯ ಎಂದರೆ ಏನು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡರು. ಇನ್ನೂ ಹಿಂದಕ್ಕೆ ಹೋದರೆ, 1980ರಲ್ಲಿ ಅಮೆರಿಕದ ಮನೋವೈದ್ಯರು ಮನದ ಗಾಯದಿಂದ ಬರುವ ಕಾಯಿಲೆಗೆ (ಪಿಟಿಎಸ್‌ಡಿ) ಅಧಿಕೃತ ಸ್ಥಾನ ಕೊಟ್ಟದ್ದರ ಹಿಂದೆ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಹೋರಾಟವಿತ್ತು. ಅವರು ಗುಂಪುಗಳಲ್ಲಿ ಕೂತು ಮಾತನಾಡಿದವರು, ಒಟ್ಟಾಗಿ ಕೇಳಿದವರು. ಅಂಥ ಹುಟ್ಟಿನ ಅರಿವು ಈಗ ಮೊಬೈಲ್ ಹಿಡಿದು ಮುಸುಕಿನೊಳಗೆ ಮಲಗಿದ ಒಬ್ಬಳೇ ಹುಡುಗಿಯ ಮನೆಪಾಠವಾಗಿರುವುದು ನನಗೆ ಸಂಕಟ ತರುತ್ತದೆ.

ಆ ಹುಡುಗಿಯ ಸ್ಥಿತಿಯನ್ನೇ ನೋಡಿ. ಅವಳನ್ನು ನೋಯಿಸಿದವನು ಅದೇ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ. ಅವಳಿಗೆ ಬೇರೆ ಕೋಣೆಯಿಲ್ಲ, ಬಾಗಿಲಿಗೆ ಚಿಲಕವಿಲ್ಲ. ‘ನಿಮ್ಮ ಗಡಿಗಳನ್ನು ನೀವೇ ಹಾಕಿಕೊಳ್ಳಿ’ ಎಂದು ಪುಸ್ತಕ ಹೇಳಿದರೆ ಅವಳು ಎಲ್ಲಿ ಹಾಕಬೇಕು? ನಡೆದದ್ದನ್ನೆಲ್ಲ ವಿವರವಾಗಿ ಬರೆಯಿರಿ ಎಂದರೆ ಆ ನೋಟ್‌ಬುಕ್ಕನ್ನು ಎಲ್ಲಿ ಬಚ್ಚಿಡಬೇಕು? ಬರೆದ ರಾತ್ರಿ ನಿದ್ದೆ ಹಾರಿ, ಮರುದಿನ ಇನ್ನಷ್ಟು ಕುಸಿದರೆ ಯಾರ ಬಳಿ ಹೋಗಬೇಕು? ದುರಂತ ಕಂಡವರನ್ನು ಕೂರಿಸಿ ಒಂದೇ ಬಾರಿಗೆ ಎಲ್ಲವನ್ನೂ ಬಾಯಿ ಬಿಡಿಸುವ ಪದ್ಧತಿಯಿಂದ ಉಪಯೋಗವಿಲ್ಲ, ಕೆಲವರಿಗೆ ಕೇಡೂ ಆಗಬಹುದು ಎಂಬುದು ಅಧ್ಯಯನಗಳಲ್ಲಿ ಕಂಡುಬಂದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡವೆಂದಿದೆ. ತಜ್ಞರು ಎದುರಿಗಿದ್ದಾಗಲೇ ಹೀಗಾದರೆ, ಒಬ್ಬಳೇ ಇರುವವಳ ಕೈಗೆ ಇಂಥ ಅಭ್ಯಾಸಗಳನ್ನು ಎಚ್ಚರಿಕೆಯ ಒಂದು ಸಾಲೂ ಇಲ್ಲದೆ ಕೊಡುವ ಪುಸ್ತಕಗಳು ಹೊಣೆಗೇಡಿ ಪುಸ್ತಕಗಳೇ.

‘ನಮ್ಮಲ್ಲೇ ಎಲ್ಲ ಇತ್ತು, ಪರದೇಶದ ಪುಸ್ತಕ ಯಾಕೆ’ ಎನ್ನುವವರಿಗೂ ಒಂದು ಮಾತು. ಇತ್ತು, ನಿಜ. ಸಾವಾದ ಮನೆಯಲ್ಲಿ ಹೆಂಗಸರು ಸತ್ತವರ ಗುಣ ಹಾಡಿಕೊಂಡು ಅಳುತ್ತಾರೆ, ಸುತ್ತ ಕೂತವರೂ ದನಿಗೂಡಿಸುತ್ತಾರೆ. ಮೊಹರಂ ಬಂದರೆ ನಮ್ಮ ಊರುಗಳಲ್ಲಿ ಹಿಂದೂ, ಮುಸ್ಲಿಂ ಎನ್ನದೆ ಕರ್ಬಲದ ದುಃಖವನ್ನು ಕನ್ನಡದ ಪದ ಕಟ್ಟಿ ಹಾಡುತ್ತಾರೆ. ದುಃಖವನ್ನು ಹತ್ತು ಜನರ ನಡುವೆ ಇಳಿಸುವ ಈ ಬಲ ಯಾವ ಪುಸ್ತಕಕ್ಕೂ ಇಲ್ಲ. ಆದರೆ ಅಲ್ಲಿ ಸಾವಿಗೆ ಜಾಗವಿದೆ, ಮನೆಯೊಳಗಿನ ಅನ್ಯಾಯಕ್ಕಿಲ್ಲ. ಸೋದರಮಾವ ಮಾಡಿದ್ದನ್ನು ಯಾವ ಹುಡುಗಿಯೂ ಹಾಡಿಕೊಂಡು ಅಳಲಾರಳು. ಬಾಯಿ ಬಿಟ್ಟರೆ ಮನೆತನದ ಮರ್ಯಾದೆ ಎನ್ನುತ್ತಾರೆ. ಮೈ ನಡುಗಿ ಬಿದ್ದರೆ ಗಾಳಿ ಸೋಕಿದೆ ಎಂದು ಗಾಣಗಾಪುರಕ್ಕೆ ಕರೆದೊಯ್ಯುತ್ತಾರೆ. ಅವಳಿಗೆ ‘ತಪ್ಪು ನಿನ್ನದಲ್ಲ’ ಎಂದು ಮೊದಲು ಹೇಳಿದ್ದು ಪುಸ್ತಕವೇ ಆಗಿದ್ದರೆ ಆ ಪುಸ್ತಕದ ಮೇಲೆ ನನಗೆ ಗೌರವವಿದೆ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಗಳಿರುವವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅಂದ ಮೇಲೆ ಎಷ್ಟೋ ಜನರಿಗೆ ಪುಸ್ತಕವೇ ಮೊದಲ ವೈದ್ಯ, ಹಲವರಿಗೆ ಕೊನೆಯದೂ ಹೌದು. ಅದು ಕೊನೆಯದಾಗಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಕೇಳಿಕೊಂಡು ಹೋಗಿ. ಬಾರದಿದ್ದರೆ ಯಾಕೆ ಬರುತ್ತಿಲ್ಲ ಎಂದೂ ಕೇಳಿ.

ಪುಸ್ತಕ ಕೊಳ್ಳುವಾಗ ಪುಟ ತಿರುವಿ ಎರಡು ಸಂಗತಿ ನೋಡಿ. ಇನ್ನೂ ಅಪಾಯದಲ್ಲೇ ಇರುವವರ ಬಗ್ಗೆ ಅದರಲ್ಲಿ ಮಾತಿದೆಯೇ? ಯಾವಾಗ ಓದು ನಿಲ್ಲಿಸಿ ನೆರವು ಪಡೆಯಬೇಕು ಎಂದು ಹೇಳಿದೆಯೇ? ಎರಡೂ ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ. ‘ಇಷ್ಟು ದಿನಗಳಲ್ಲಿ ಗುಣ’ ಎಂದು ಮುಖಪುಟದಲ್ಲಿದ್ದರೆ ಪುಟ ತಿರುವುವ ಶ್ರಮವೂ ಬೇಡ. ಓದುತ್ತ ಎದೆ ಬಿಗಿದರೆ ಮುಚ್ಚಿಡಿ, ಅಧ್ಯಾಯ ಮುಗಿಸಲೇಬೇಕೆಂಬ ಹಟ ಬೇಡ.

ಕಲಬುರಗಿಯಲ್ಲಿದ್ದು ಒಬ್ಬರೇ ಓದಲು ಅಳುಕುವ ಹೆಣ್ಣುಮಕ್ಕಳು ನನಗೆ ಮೆಸೇಜ್ ಮಾಡಿ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರಿ, ಹರ್ಮನ್ ಅವರ ಪುಸ್ತಕವನ್ನು ಸ್ವಲ್ಪ ಸ್ವಲ್ಪವೇ ಓದಿ ಕನ್ನಡದಲ್ಲಿ ಮಾತನಾಡೋಣ. ತಮ್ಮ ಕಥೆಯನ್ನು ಯಾರೂ ಹೇಳಬೇಕಾಗಿಲ್ಲ. ಮನೆಯಲ್ಲಿ ಏನು ಹೇಳಿ ಬರುವುದು ಎಂಬ ಚಿಂತೆಯಿದ್ದರೆ ಹೇಳಿ, ನಾನೇ ಫೋನ್ ಮಾಡಿ ಮನೆಯವರೊಂದಿಗೆ ಮಾತನಾಡುತ್ತೇನೆ.