ಊರಿನ ಕಲ್ಲು ಊರಲ್ಲೇ ಇರಬೇಕಾ? ಪರ-ವಿರೋಧ

ಹೊಲ ಉಳುವಾಗ, ಕೆರೆ ಹೂಳೆತ್ತುವಾಗ, ಮನೆಗೆ ಪಾಯ ತೋಡುವಾಗ ಹಳೆಯ ಕಲ್ಲೊಂದು ಸಿಗುತ್ತದೆ. ಅದರ ಮೇಲೆ ಅಕ್ಷರ ಇರುತ್ತದೆ, ಇಲ್ಲವೇ ಕತ್ತಿ ಹಿರಿದ ವೀರ ನಿಂತಿರುತ್ತಾನೆ. ಅದನ್ನು ಊರಲ್ಲೇ ಒಂದು ಮಂಟಪ ಕಟ್ಟಿ, ಪುಟ್ಟದೊಂದು ಮ್ಯೂಸಿಯಂ ಮಾಡಿ ಇಟ್ಟುಕೊಳ್ಳಬೇಕಾ? ಇಲ್ಲ, ಪಟ್ಟಣದ ದೊಡ್ಡ ಮ್ಯೂಸಿಯಂಗೆ ಕಳಿಸಬೇಕಾ? ಎರಡೂ ಕಡೆಯ ವಾದವನ್ನು ಬೇರೆ ಬೇರೆಯಾಗಿ ಬರೆದಿದ್ದೇನೆ. ಒಂದನ್ನು ಬರೆಯುವಾಗ ಇನ್ನೊಂದರ ಮುಲಾಜು ಇಟ್ಟುಕೊಂಡಿಲ್ಲ.

ಪರ: ಕಲ್ಲು ನಿಂತ ನೆಲದಲ್ಲೇ ಅದಕ್ಕೆ ಅರ್ಥ

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಿಂದಲೇ ಶುರು ಮಾಡೋಣ. ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನ ಕಡೆ ಮಣಲೇರ ಅನ್ನುವವನು ಜೋರಾಗಿ ಕಾದಿದ. ‘ಮೆಚ್ಚಿದೆ, ಏನು ಬೇಕು ಕೇಳು’ ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ (ಕಲ್ಲುಗುಡ್ಡದಲ್ಲಿ) ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಒಟ್ಟಿಗೇ ಸತ್ತವು. ಆ ನಾಯಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿದರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿ ಬಿಟ್ಟರು. ಇಷ್ಟನ್ನೂ ಕಲ್ಲೇ ಹೇಳುತ್ತದೆ. ಮೇಲೆ ನಾಯಿ ಹಂದಿಯ ಕಾದಾಟವನ್ನೂ ಕೆತ್ತಿದ್ದಾರೆ.

ಈಗ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನ ಆಸ್ತಿ. ಅಲ್ಲಿ ಚಲ್ಲೇಶ್ವರ ಇಲ್ಲ, ದೊಡ್ಡ ಕೆರೆ ಇಲ್ಲ, ಪಡುವಣ ಮೊರಡಿಯೂ ಇಲ್ಲ. ಕಲ್ಲಿನ ಮಾತೆಲ್ಲ ಆ ಕೆರೆ, ಆ ಗುಡಿ, ಆ ದಿಕ್ಕಿನ ಬಗ್ಗೆ. ಈ ಕಲ್ಲನ್ನು ಪೂಜಿಸದೆ ಊಟ ಮಾಡಿದ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟುತ್ತದೆ ಅಂತಲೂ ಅದರಲ್ಲಿ ಬರೆದಿದೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಮ್ಯೂಸಿಯಂ ಸಿಬ್ಬಂದಿಗೆ ಈ ಶಾಪ ತಗಲುತ್ತಾ ಇಲ್ವಾ, ಪಂಡಿತರೇ ಹೇಳಬೇಕು.

‘ಬೆಂಗಳೂರಲ್ಲಿದ್ದರೆ ಎಲ್ಲರೂ ನೋಡಬಹುದಲ್ಲ’ ಅನ್ನುತ್ತಾರೆ. ಯಾರು ಎಲ್ಲರೂ? ಆತಕೂರಿನ ಕೂಲಿ ಹೆಂಗಸು ಒಂದು ದಿನದ ದುಡಿಮೆ ಬಿಟ್ಟು, ಬಸ್ ಚಾರ್ಜು ಕೊಟ್ಟು, ತನ್ನೂರಿನ ನಾಯಿಯನ್ನು ನೋಡಲು ಹೋಗುತ್ತಾಳಾ? ಹೋದರೂ ಅವತ್ತು ದುರಸ್ತಿ ಅಂತ ಬಾಗಿಲು ಹಾಕಿರಬಹುದು. ಗೋದಾಮು ಸೇರಿದ ಕಲ್ಲಿನ ಕತೆಯಂತೂ ಕೇಳಲೇಬೇಡಿ. ಅದು ಯಾರ ಕಣ್ಣಿಗೂ ಬೀಳಲ್ಲ.

ಹೆಬ್ಬಾಳದ ಉದಾಹರಣೆ ನನಗೆ ಇನ್ನೂ ಮುಖ್ಯ. 2018ರಲ್ಲಿ ಅಲ್ಲಿ ಕಿತ್ತಯ್ಯನ ವೀರಗಲ್ಲು ಮತ್ತೆ ಬೆಳಕಿಗೆ ಬಂತು. ಕ್ರಿ.ಶ. 750ರ ಸುಮಾರು, ಗಂಗರ ಶ್ರೀಪುರುಷನ ಕಾಲ. ಬೆಂಗಳೂರಿನ ಹಳೆಯ ಕನ್ನಡ ಶಾಸನಗಳ ಸಾಲಿನಲ್ಲಿ ಮೊದಲು ಹೆಸರು ಬರುವುದು ಇದರದ್ದೇ. ಊರನ್ನು ಕಾಯುತ್ತಾ ಸತ್ತ ಒಬ್ಬ ಮಾಮೂಲಿ ಮನುಷ್ಯ. ಲಾರಿ ಹತ್ತಿಸಿ ಕಳಿಸುವುದು ಸುಲಭವಿತ್ತು. ಅಲ್ಲಿನವರು ಹಾಗೆ ಮಾಡಲಿಲ್ಲ. ದುಡ್ಡು ಕೂಡಿಸಿ ಅಲ್ಲೇ ಮಂಟಪ ಕಟ್ಟಿಸಿದರು. ಫ್ಲೈಓವರ್, ಟ್ರಾಫಿಕ್ ಜಾಮ್ ಬಿಟ್ಟರೆ ಹೆಬ್ಬಾಳದ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಈಗ ಕಿತ್ತಯ್ಯ ಗೊತ್ತು. ಈ ಕೆಲಸ ಯಾವ ಗ್ಯಾಲರಿಯಿಂದಲೂ ಆಗುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ಮ್ಯೂಸಿಯಂನವರು ಯೋಚಿಸುವುದೇ ಇಲ್ಲ. ನಿಧಿ ಕಾಯ್ದೆ ಅಂತ ಒಂದಿದೆ. ನೆಲದಡಿ ಬೆಲೆಬಾಳುವಂಥದ್ದು ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕಾಯ್ದೆ ಗೊತ್ತಿಲ್ಲದ ರೈತನಿಗೂ ಒಂದು ಮಾತ್ರ ಗೊತ್ತು: ‘ಹೇಳಿದರೆ ಬಂದು ಎತ್ಕೊಂಡು ಹೋಗ್ತಾರೆ, ಆಮೇಲೆ ಜಮೀನಿಗೂ ಕುತ್ತು.’ ಹಾಗಾಗಿ ಸಿಕ್ಕಿದ್ದನ್ನು ಸುಮ್ನೆ ಮಣ್ಣು ಎಳೆದು ಮುಚ್ಚುತ್ತಾನೆ. ಕಲ್ಲು ನಿಮ್ಮೂರಲ್ಲೇ ಇರುತ್ತದೆ ಅಂತ ಭರವಸೆ ಕೊಟ್ಟು ನೋಡಿ. ಹತ್ತು ಜನ ಬಂದು ತೋರಿಸುತ್ತಾರೆ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಹೆಸರಾದ ಲಕ್ಕುಂಡಿಯಲ್ಲಿ ಈಚೆಗೆ ಮನೆಗೋಡೆ, ಹಿತ್ತಲು, ಕಟ್ಟೆಗಳಲ್ಲಿದ್ದ ಹಳೆಯ ಕಲ್ಲುಗಳನ್ನು ಒಟ್ಟುಮಾಡುವ ಕೆಲಸ ನಡೆಯಿತು. ಊರವರ ಮನಸ್ಸು ಗೆಲ್ಲದೆ ಅಂಥದ್ದು ನಡೆಯಲ್ಲ.

ಸಾಗರ ತಾಲ್ಲೂಕಿನ ಕೆಳದಿಯನ್ನೂ ನೋಡಿ. ಅಲ್ಲಿನ ಚಿಕ್ಕ ಮ್ಯೂಸಿಯಂ ಹುಟ್ಟಿದ್ದು ಸರ್ಕಾರದ ಯೋಜನೆಯಿಂದಲ್ಲ. ಕೆಳದಿ ಗುಂಡಾ ಜೋಯಿಸರು ಸುತ್ತಮುತ್ತಲ ಓಲೆಗರಿ, ಕಡತ, ಕಾಗದಪತ್ರ ಹುಡುಕಿ ತಂದು ಕೂಡಿಟ್ಟರು. ಕೆಳದಿ ಅರಸರ ಬಗ್ಗೆ ಕೆಲಸ ಮಾಡುವವರು ಇಂದಿಗೂ ಆ ಹಳ್ಳಿಗೇ ಹೋಗಬೇಕು. ಯಾರ ಅಟ್ಟದಲ್ಲಿ ಏನಿದೆ ಅಂತ ಅಲ್ಲಿಯವರಿಗೆ ಗೊತ್ತಿರುವಷ್ಟು ರಾಜಧಾನಿಯ ಅಧಿಕಾರಿಗೆ ಗೊತ್ತಿರುತ್ತದಾ?

ಕೊನೆಗೆ ಹಲ್ಮಿಡಿ. ಬೇಲೂರು ತಾಲ್ಲೂಕಿನ ಈ ಊರಿನ ಹೆಸರು ಶಾಸನದ ಒಳಗೇ ಇದೆ: ಪಲ್ಮಿಡಿ. ವಿಜ ಅರಸನಿಗೆ ಬಾಳ್ಗಚ್ಚಾಗಿ (ವೀರನ ಕತ್ತಿ ತೊಳೆದು ಕೊಡುವ ದತ್ತಿಯಾಗಿ) ಕೊಟ್ಟ ಎರಡು ಊರುಗಳಲ್ಲಿ ಅದೂ ಒಂದು. ಮೂಲ ಕಲ್ಲು ಮೈಸೂರಿನ ಪುರಾತತ್ವ ಇಲಾಖೆ ಕಚೇರಿಯಲ್ಲಿದೆ. ಹಲ್ಮಿಡಿಗೆ ಸಿಕ್ಕಿದ್ದು ಫೈಬರ್ ನಕಲು. ಉಲ್ಟಾ ಯಾಕೆ ಮಾಡಬಾರದು? ನಕಲನ್ನು ಮೈಸೂರಲ್ಲಿ ಇಡಲಿ. ನಕಲಿನಲ್ಲೂ 16 ಸಾಲು ಹಾಗೇ ಇದೆ ಅಂತ ಹಳ್ಳಿಯವರಿಗೆ ಸಮಾಧಾನ ಹೇಳಬಹುದಾದರೆ, ಪಟ್ಟಣದವರಿಗೂ ಹೇಳಬಹುದಲ್ವಾ?

ವಿರೋಧ: ಮೊದಲು ಉಳಿಯಲಿ, ಆಮೇಲೆ ಎಲ್ಲಿ ಅಂತ ಮಾತಾಡೋಣ

ಕಲ್ಲು ಊರಿನದು ಅನ್ನೋ ಮಾತು ಕೇಳೋಕೆ ಚೆಂದ. ಆದರೆ ಊರಲ್ಲಿ ಕಲ್ಲಿಗೆ ಏನಾಗುತ್ತದೆ ಅಂತ ಹೋಗಿ ನೋಡಿ. ಅಕ್ಷರದ ಮುಖ ಮೇಲೆ ಮಾಡಿ ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ. ಮೋರಿಗೆ ಅಡ್ಡ ಹಾಸಿರುತ್ತಾರೆ. ಭಕ್ತಿ ಜಾಸ್ತಿ ಇರುವ ಕಡೆ ಇನ್ನೂ ಕಷ್ಟ. ಎಣ್ಣೆ, ಬೆಣ್ಣೆ, ಅರಿಸಿನ, ಕುಂಕುಮ ಮೆತ್ತಿ ಮೆತ್ತಿ ಅಕ್ಷರದ ಗುಳಿಯೆಲ್ಲ ತುಂಬಿಹೋಗಿರುತ್ತದೆ. ಜೀರ್ಣೋದ್ಧಾರ ಅಂತ ಬಂದರೆ ವೀರನಿಗೆ ನೀಲಿ ಬಣ್ಣ, ಕತ್ತಿಗೆ ಬೆಳ್ಳಿ ಬಣ್ಣ, ಸುತ್ತ ಟೈಲ್ಸ್.

ಅದಕ್ಕಿಂತ ದೊಡ್ಡ ಕಾಟ ನಿಧಿಗಳ್ಳರದು. ಶಾಸನ ಇದ್ದ ಕಡೆ ಕೊಪ್ಪರಿಗೆ ಹೊನ್ನು ಇದೆ ಅನ್ನೋ ನಂಬಿಕೆ ನಮ್ಮಲ್ಲಿ ಹೋಗುವುದೇ ಇಲ್ಲ. ಅಮಾವಾಸ್ಯೆ ರಾತ್ರಿ ಬಂದು, ನಿಂಬೆಹಣ್ಣು ಕೊಯ್ದು, ಕಲ್ಲಿನ ಬುಡ ಅಗೆದು ಉರುಳಿಸಿ ಹೋಗುತ್ತಾರೆ. ಕಲ್ಲಿನಲ್ಲಿ ಬರೆದಿರುವುದು ಕೆರೆಯ ಕೆಳಗಿನ ಎರಡು ಖಂಡುಗ ಗದ್ದೆಯ ವಿಷಯ. ಪಾಪ, ಅದನ್ನು ಅವರು ಓದಿದ್ದರೆ ಅಗೆಯುವ ಶ್ರಮವಾದರೂ ಉಳಿಯುತ್ತಿತ್ತು.

ಬೆಂಗಳೂರಿನ ಬೇಗೂರನ್ನೇ ತಗೊಳ್ಳಿ. ಅಲ್ಲಿನ ಎರಡು ಕಲ್ಲುಗಳು ಪ್ರಸಿದ್ಧ. ಯುದ್ಧದ ದೃಶ್ಯ ತುಂಬಿರುವ, ಗಂಗರ ಕಡೆಯ ನಾಯಕ ನಾಗತ್ತರನ ಕಾಲದ ದೊಡ್ಡ ವೀರಗಲ್ಲನ್ನು ಬೆಂಗಳೂರಿನ ಮ್ಯೂಸಿಯಂಗೆ ತಂದರು. ಆನೆ, ಕುದುರೆ, ಬಿಲ್ಲುಗಾರ ಒಂದೊಂದನ್ನೂ ಇವತ್ತು ಹತ್ತಿರ ನಿಂತು ನೋಡಬಹುದು. ಇನ್ನೊಂದು ಊರಲ್ಲೇ ಉಳಿಯಿತು. ಅದು ಕ್ರಿ.ಶ. 890ರ ಸುಮಾರಿನದು, ‘ಬೆಂಗಳೂರ ಕಾಳಗ’ದ ಹೆಸರು ಹೇಳುವ ಕಲ್ಲು. ಈ ಮಹಾನಗರದ ಹೆಸರಿಗಿರುವ ಅಷ್ಟು ಹಳೆಯ ಪುರಾವೆ ಬಹಳ ವರ್ಷ ಗುಡಿಯ ಆವರಣದಲ್ಲಿ ಕೇಳುವವರಿಲ್ಲದೆ ಇತ್ತು. ಊರು ಒಂದೇ. ಹೋದ ಕಲ್ಲು ಬದುಕಿತು, ಉಳಿದ ಕಲ್ಲಿಗೆ ಆ ಗತಿ. ಹೆಬ್ಬಾಳದ ಮಂಟಪ ಸಂತೋಷದ ವಿಷಯವೇ, ಆದರೆ ಅಂಥ ಊರು ಎಷ್ಟಿವೆ?

ಶಾಸನತಜ್ಞ ಬಿ.ಎಲ್. ರೈಸ್ ಮತ್ತು ಅವರ ಜೊತೆಯವರು 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಸುಮಾರು 9000 ಶಾಸನ ದಾಖಲಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ ಹಿಡಿದು ಇವತ್ತು ಹೊರಟರೆ ಎಷ್ಟೋ ಕಲ್ಲುಗಳು ಸಿಗಲ್ಲ. ಲೇಔಟ್ ಬಂತು, ರಸ್ತೆ ಬಂತು, ಕಲ್ಲು ಹೋಯಿತು. ಅವನ್ನು ಯಾರೂ ಮ್ಯೂಸಿಯಂಗೆ ಎತ್ತಿಕೊಂಡು ಹೋಗಿರಲಿಲ್ಲ. ಊರಲ್ಲೇ ಬಿಟ್ಟಿದ್ದರು.

ಸನ್ನತಿಯ ಕತೆ ಗೊತ್ತಲ್ಲ. ಕಲಬುರಗಿ ಜಿಲ್ಲೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರು. ಅಲ್ಲಿನ ಅಕ್ಷರ ಹೋದದ್ದು ಹೋಯಿತು. ದ್ವೇಷದಿಂದ ಯಾರೂ ಕೊರೆದಿರಲ್ಲ, ಒಳ್ಳೆಯ ಚಪ್ಪಡಿ ಸಿಕ್ಕಿತು ಅಂತ ಬಳಸಿದ್ದಾರೆ ಅಷ್ಟೇ. ಊರಿನ ಅಭಿಮಾನ ಅನ್ನುವುದು ಓದಲು ಬರುವ ಕಲ್ಲಿಗೆ ಮಾತ್ರ. ಓದಲು ಬಾರದ ಕಲ್ಲು ಬರೀ ಕಲ್ಲು.

ಇನ್ನು ಮೂಲ ಹಳ್ಳಿಗೆ, ನಕಲು ಪಟ್ಟಣಕ್ಕೆ ಅನ್ನೋ ವಾದ. ಶಾಸನ ಓದುವವರ ಕಷ್ಟ ನೋಡಿದವರು ಹೀಗೆ ಹೇಳಲ್ಲ. ಮೊದಲು ಬ್ರಷ್ಷಿನಲ್ಲಿ ಕಲ್ಲು ತೊಳೆಯಬೇಕು. ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಗುಳಿಯೊಳಗೆ ಇಳಿಸಬೇಕು. ಮೇಲೆ ಮಸಿ ಉಂಡೆ ಒತ್ತಿ ಪಡಿಯಚ್ಚು ತೆಗೆಯಬೇಕು. ಇಷ್ಟಾದರೂ ಒಂದು ಅಕ್ಷರ ‘ವ’ನೋ ‘ಪ’ನೋ ಅಂತ ಅನುಮಾನ ಉಳಿಯುತ್ತದೆ. ಆಗ ಮತ್ತೆ ಮೂಲಕ್ಕೇ ಹೋಗಿ, ಪಕ್ಕದಿಂದ ಟಾರ್ಚ್ ಬಿಟ್ಟು, ಕೆತ್ತಿದ ಗೆರೆಯಾ, ಸವೆದ ಬಿರುಕಾ ಅಂತ ನೋಡಬೇಕು. ಹಲ್ಮಿಡಿಯ ಕಾಲ, ಓದು ಎರಡರ ಬಗ್ಗೆಯೂ ವಿದ್ವಾಂಸರು ಇನ್ನೂ ಜಗಳ ಆಡುತ್ತಿದ್ದಾರೆ. ಆ ಜಗಳ ಫೈಬರ್ ಮೇಲೆ ತೀರುತ್ತದಾ? ಊರಿಗೆ ಬೇಕಾದ ಹೆಮ್ಮೆಗೆ, ಮಕ್ಕಳ ಪಾಠಕ್ಕೆ ಒಳ್ಳೆಯ ನಕಲು ಸಾಕು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಇಡುತ್ತಿದೆ. ಅಂಥ ಸ್ಕ್ಯಾನ್ ಇದ್ದರೆ ತದ್ರೂಪು ಮಾಡಿಸುವುದು ಈಗ ದೊಡ್ಡ ಸಂಗತಿಯಲ್ಲ.

ಹಳ್ಳಿ ಮ್ಯೂಸಿಯಂ ಅನ್ನುವವರು ಉದ್ಘಾಟನೆಯ ಫೋಟೋ ತೋರಿಸುತ್ತಾರೆ. ಮೂರು ವರ್ಷ ಬಿಟ್ಟು ಹೋಗಿ ನೋಡಿ. ಬೀಗ ಹಾಕಿರುತ್ತದೆ. ಕೀಲಿ ಯಾರದೋ ಮನೆಯಲ್ಲಿ, ಅವರು ಮದುವೆಗೆ ಹೋಗಿರುತ್ತಾರೆ. ಬಲ್ಬು ಸುಟ್ಟಿದೆ, ಚಾವಣಿ ಸೋರುತ್ತಿದೆ, ವಿವರದ ಚೀಟಿ ಗೆದ್ದಲಿಗೆ. ಕೆಳದಿಯ ಸಂಗ್ರಹ ಕೂಡ ಕೊನೆಗೆ ಕುವೆಂಪು ವಿಶ್ವವಿದ್ಯಾಲಯದ ಕೈಗೆ ಹೋಯಿತು ಅನ್ನುವುದನ್ನು ಮರೆಯಬೇಡಿ. ಒಬ್ಬರ ಹುಚ್ಚಿನಿಂದ ಮ್ಯೂಸಿಯಂ ಹುಟ್ಟಬಹುದು. ನಡೆಸೋಕೆ ಸಂಸ್ಥೆ ಬೇಕು.

ದೊಡ್ಡ ಮ್ಯೂಸಿಯಂಗಳು ಚೆನ್ನಾಗಿವೆ ಅಂತ ನಾನು ಹೇಳಲ್ಲ. ಗೋದಾಮಿನ ದೂರು ನಿಜ. ಅದಕ್ಕೆ ಗೋದಾಮಿನ ಬಾಗಿಲು ತೆಗೆಸಬೇಕು, ಕಲ್ಲನ್ನು ಬಯಲಿಗೆ ಎಸೆಯುವುದಲ್ಲ. 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಹಲ್ಮಿಡಿಯ ಕಲ್ಲನ್ನು ಗುರುತಿಸದೆ ಹೋಗಿದ್ದರೆ ಅದರ ಗತಿ ಏನಾಗುತ್ತಿತ್ತೋ. ಅದು ಬರೀ ಎರಡೂವರೆ ಅಡಿ ಎತ್ತರದ್ದು. ಯಾವ ದನದ ಕೊಟ್ಟಿಗೆಗಾದರೂ ಹಾಸಿಬಿಡಬಹುದಾದ ಅಳತೆ.

ನಾಳೆ ಯಾರಾದರೂ ಬಂದು ನಮ್ಮ ಕಲ್ಲು ನಮಗೆ ವಾಪಸ್ ಕೊಡಿ ಅಂದರೆ ನಾನು ಕೇಳುವುದು ಎರಡೇ. ಕಾವಲುಗಾರನ ಸಂಬಳ ಯಾವ ಲೆಕ್ಕದಿಂದ ಬರುತ್ತದೆ? ಪಂಚಾಯ್ತಿಯಿಂದ ಅನ್ನುವುದಾದರೆ, ಮುಂದಿನ ಚುನಾವಣೆ ಆದಮೇಲೂ ಬರುತ್ತದಾ?