ಆಫ್ರಿಕಾಕ್ಕೆ ಹೋದ ಕೌಬಾಯ್, ಅಟ್ಲಾಸ್ ತಂದ ಅಪ್ಪ

ಸಿನಿಮಾದ ಹೆಸರು 'ರೌಂಡ್-ಅಪ್ ಟೈಮ್ ಇನ್ ಟೆಕ್ಸಾಸ್'. 1937ರದ್ದು. ಕಥೆ ನಡೆಯುವುದು ಮಾತ್ರ ದಕ್ಷಿಣ ಆಫ್ರಿಕಾದಲ್ಲಿ! ಇಂಥದ್ದನ್ನು ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರ ಪಕ್ಕ ಕೂತು ನೋಡಬಾರದು. ಆ ಮೇಷ್ಟ್ರು ನಿಮ್ಮ ಅಪ್ಪನೇ ಆಗಿದ್ದರಂತೂ ಮುಗಿದೇ ಹೋಯಿತು.

ಹೀರೋ ಜೀನ್ ಆಟ್ರಿ. ಒಕ್ಲಹೋಮಾದಲ್ಲಿ ರೈಲ್ವೆ ಟೆಲಿಗ್ರಾಫ್ ಕೆಲಸ ಮಾಡುತ್ತಿದ್ದವರು ರೇಡಿಯೋದಲ್ಲಿ ಹಾಡಿ ಹೆಸರು ಮಾಡಿ, ಆಮೇಲೆ ಹಾಡುವ ಕೌಬಾಯ್ ಆದರು. ತೆರೆಯ ಮೇಲೂ ಅವರ ಹೆಸರು ಜೀನ್ ಆಟ್ರಿಯೇ. ಪಾತ್ರಕ್ಕೆ ಬೇರೆ ಹೆಸರು ಹುಡುಕುವ ತಲೆನೋವೇ ಇಲ್ಲ. ಇಲ್ಲಿ ಅವರ ಅಣ್ಣನಿಗೆ ಆಫ್ರಿಕಾದಲ್ಲಿ ವಜ್ರದ ಗಣಿ ಸಿಕ್ಕಿದೆ, ಕುದುರೆ ಬೇಕಾಗಿದೆ. ತಮ್ಮ ಟೆಕ್ಸಾಸ್‌ನಿಂದ ಹೊಡೆದುಕೊಂಡು ಹೋಗುತ್ತಾನೆ.

"ಎಷ್ಟು ದೂರ ಗೊತ್ತೇನೋ?" ಅಂತ ಅಪ್ಪ ಎದ್ದರು. ಒಳಗಿಂದ ಶಾಲೆಯ ಹಳೇ ಅಟ್ಲಾಸ್ ಬಂತು. ಸ್ಕೇಲೂ ಬಂತು. ನೆಟ್ಟಗೆ ಅಳೆದರೂ ಹತ್ತು ಸಾವಿರ ಕಿಲೋಮೀಟರಿಗಿಂತ ಜಾಸ್ತಿ. "ಅಷ್ಟು ದೂರ ಹಡಗಲ್ಲಿ ನಿಂತು ಬಂದ ಕುದುರೆ, ಇಳಿದ ತಕ್ಷಣ ಓಡುತ್ತಾ?" ಸಿನಿಮಾದಲ್ಲಿ ಓಡುತ್ತಿತ್ತು. ಅಪ್ಪ ಒಪ್ಪಲಿಲ್ಲ.

ಅವರ ಬಾಯಿ ಮುಚ್ಚಿಸೋಣ ಅಂತ ನಾನು ಮೊಬೈಲ್ ತೆಗೆದೆ. ಅದು ಅವರ ಪಕ್ಷಕ್ಕೇ ಸೇರಿತು. ಆಫ್ರಿಕಾದಲ್ಲಿ ಕುದುರೆಗಳಿಗೇ ಅಂತ ಒಂದು ರೋಗವಿದೆ, ಸಣ್ಣ ನೊಣಗಳಿಂದ ಹರಡುತ್ತದೆ. 1854-55ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನಲ್ಲಿ ಸುಮಾರು 70,000 ಕುದುರೆಗಳು ಅದರಿಂದ ಸತ್ತವಂತೆ. ರೋಗ ಬಂದು ಬದುಕಿದ ಕುದುರೆಗೆ ವಿಪರೀತ ಬೆಲೆಯಂತೆ. ಅಪ್ಪ ಟಿವಿ ಕಡೆಗೆ ಬೆರಳು ತೋರಿಸಿದರು. "ಇವನ ಕುದುರೆ ಒಂದಾದರೂ ಸೀನಿತಾ?"

ನಮ್ಮತ್ತೆಗೆ ಇದ್ಯಾವುದೂ ಬೇಕಾಗಿರಲಿಲ್ಲ. "ಸುಮ್ನಿರಣ್ಣ, ಹಾಡು ಕೇಳಿಸ್ತಿಲ್ಲ."

ಅತ್ತೆಗೆ ಈ ಸಿನಿಮಾ ನಮ್ಮೆಲ್ಲರಿಗಿಂತ ಬೇಗ ಅರ್ಥವಾಯಿತು. ಹಿಂದೆ ವೈರಿ ಬರುತ್ತಿದ್ದರೂ ಹೀರೋ ಗಿಟಾರ್ ಹಿಡಿದರೆ ಅವರಿಗೇನೂ ಆಶ್ಚರ್ಯವಿಲ್ಲ. ನಮ್ಮ ಹೀರೋಗಳು ಇನ್ನೇನು ಮಾಡುತ್ತಾರೆ, ಅಲ್ವಾ? ಫ್ರಾಗ್ ಅನ್ನುವ ಜೊತೆಗಾರ, ಅಂದರೆ ಸ್ಮೈಲಿ ಬರ್ನೆಟ್, ಕಪ್ಪೆ ವಟಗುಟ್ಟಿದ ಹಾಗೆ ದನಿ ತೆಗೆದರೆ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನನಗೆ ಕಸಿವಿಸಿಯಾಗಿದ್ದು ಆಫ್ರಿಕಾದ ಜನರನ್ನು ಪೆದ್ದರ ಹಾಗೆ ತೋರಿಸಿದ್ದಕ್ಕೆ. ಬುಡಕಟ್ಟಿನ ಮಕ್ಕಳಾಗಿ ಹಾಡುವವರು ಕ್ಯಾಬಿನ್ ಕಿಡ್ಸ್ ಎಂಬ ಅಮೆರಿಕದ ಕಪ್ಪು ಮಕ್ಕಳ ತಂಡ. ಚೆನ್ನಾಗಿ ಹಾಡುತ್ತವೆ ಪಾಪ. ಕಾಡು ಮೇಡು ಎಲ್ಲಾ ಕ್ಯಾಲಿಫೋರ್ನಿಯಾದ್ದು. ಅದನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಅವರಾಗಲೇ ನಕ್ಷೆಯಲ್ಲಿ ಅಲ್ಲಿನ ವಜ್ರದ ಗಣಿಗಳ ಊರು ಕಿಂಬರ್ಲಿಗೆ ಪೆನ್ಸಿಲಲ್ಲಿ ಗುಂಡು ಸುತ್ತಿದ್ದರು.

ಅಮ್ಮ ಪಕ್ಕದ ಮನೆಗೆ ಕುಂಕುಮಕ್ಕೆ ಹೋಗುವಾಗ ಅಪ್ಪನಿಗೆ ಒಂದೇ ಕೆಲಸ ಹೇಳಿದ್ದರು. "ಕುಕ್ಕರ್ ಮೂರು ಸಲ ಕೂಗಿದ ಮೇಲೆ ಆಫ್ ಮಾಡಿ." ಮೊದಲನೆಯದು ಅಟ್ಲಾಂಟಿಕ್ ಮಧ್ಯದಲ್ಲಿ ಕೂಗಿತು. ಅದು ಅಪ್ಪನಿಗೆ ನೆನಪಿದೆ. ಆಮೇಲಿನವು ಹಾಡಿನಲ್ಲಿ, ಗುಂಡಿನ ಸದ್ದಿನಲ್ಲಿ, ಅಣ್ಣ ತಂಗಿಯ ಜಗಳದಲ್ಲಿ ಸೇರಿಹೋದವು. ಅತ್ತೆ ಲೆಕ್ಕದಲ್ಲಿ ಎರಡು. ಅಪ್ಪನ ಲೆಕ್ಕದಲ್ಲಿ ಮೂರಾಗಿರಬಹುದು, ಆದರೆ ಒಂದು ಹಡಗಿನದ್ದೂ ಇರಬಹುದು. ವಾಸನೆ ಹಾಲ್‌ಗೆ ಬಂದಾಗ ಈ ವಾದ ಬಿತ್ತು.

ಅಮ್ಮ ಬಂದು ಮುಚ್ಚಳ ತೆಗೆದು ನೋಡಿದರು. ಮೇಲೆ ಗಂಜಿ, ತಳದಲ್ಲಿ ಇದ್ದಿಲು. "ಏನು ನೋಡ್ತಿದ್ರಿ?"

"ಟೆಕ್ಸಾಸ್," ಅಂದರು ಅತ್ತೆ.

"ಆಫ್ರಿಕಾ," ಅಂದರು ಅಪ್ಪ.

ಅಮ್ಮ ಇಬ್ಬರನ್ನೂ ನೋಡಿ ತಳ ಹತ್ತಿದ ಪಾತ್ರೆಯನ್ನು ಅಪ್ಪನ ಮುಂದೆ ಇಟ್ಟರು. ತೆಂಗಿನ ನಾರನ್ನೂ ಇಟ್ಟರು.

ಸಿನಿಮಾ ಒಂದು ಗಂಟೆಯದ್ದು. ಪಾತ್ರೆಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ತಿಕ್ಕುತ್ತಲೇ ಅಪ್ಪ ಕೇಳಿದರು, "ಇವನದ್ದು ಇನ್ಯಾವುದಿದೆಯೋ?" 1935ರ 'ದಿ ಫ್ಯಾಂಟಮ್ ಎಂಪೈರ್' ಇದೆ ಅಂದೆ, 12 ಕಂತುಗಳದ್ದು. ಅದರಲ್ಲಿ ಆಟ್ರಿ ನೆಲದಾಳದ ಮುರೇನಿಯಾ ಎಂಬ ರಾಜ್ಯಕ್ಕೆ ಹೋಗಿ ಸಿಕ್ಕಿಬೀಳುತ್ತಾರೆ. ಅಲ್ಲಿ ಯಂತ್ರಮಾನವರಿದ್ದಾರೆ, ರಾಣಿ ಇದ್ದಾಳೆ. ಇಷ್ಟರ ಮಧ್ಯೆ ರೇಡಿಯೋದಲ್ಲಿ ಹಾಡಲು ಸಮಯಕ್ಕೆ ಸರಿಯಾಗಿ ಮೇಲೆ ಬರಬೇಕು. ತಪ್ಪಿದರೆ ಕೆಲಸ ಹೋಗುತ್ತದೆ.

ಅಪ್ಪ ಯೋಚಿಸಿದರು. "ನೆಲದ ಕೆಳಗಾ? ಹಾಗಾದ್ರೆ ಅಟ್ಲಾಸಲ್ಲಿ ಇರಲ್ಲ. ನಾಳೆ ಹಾಕು."